ಆಂಪ್ಲಿಫೈಯರ್ ಹೊಟ್ಟೆಯೊಳಗಿನ ಹಂಡೆ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಒರಗಿದರೆ ಸಾಕು, ಊರಿಗೆ ಊರೇ ಕತ್ತಲು. ಆ ಹೊತ್ತಿನಲ್ಲಿ ಮನೆಯ ಹಳೇ ಆಂಪ್ಲಿಫೈಯರ್ ಹಾಡುತ್ತಿದ್ದರೆ ಸ್ವಲ್ಪ ಕಿವಿಗೊಡಿ. ಬಲ್ಬು ತಕ್ಷಣ ಆರುತ್ತದೆ. ಹಾಡು ಆರುವುದಿಲ್ಲ. ಮೂರು ನಾಲ್ಕು ಸೆಕೆಂಡ್ ಹಾಗೇ ನಡೆದು, ಆಮೇಲೆ ದನಿ ಒಡೆದು, ಕರಕರ ಎಂದು ನಿಲ್ಲುತ್ತದೆ. ಹಾಡು ಬರುತ್ತಿರುವುದು ಮೊಬೈಲಿನಿಂದ, ಅದಕ್ಕೆ ಬ್ಯಾಟರಿ ಇದೆ, ಸರಿ. ಆದರೆ ಸ್ಪೀಕರನ್ನು ಅಲ್ಲಾಡಿಸುವ ಶಕ್ತಿ ಅಷ್ಟು ಹೊತ್ತು ಎಲ್ಲಿಂದ ಬಂತು?

ಮುಚ್ಚಳ ಬಿಚ್ಚಿದರೆ ಉತ್ತರ ಕಣ್ಣೆದುರೇ ಇದೆ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಎರಡು ದಪ್ಪ ಡಬ್ಬಿಗಳು. ಕಪ್ಪೋ ನೀಲಿಯೋ ಪ್ಲಾಸ್ಟಿಕ್ ಹೊದಿಕೆ, ಒಂದು ಬದಿಗೆ ಮೈನಸ್ ಗುರುತಿನ ಪಟ್ಟಿ, ಮೇಲೆ 10,000 ಮೈಕ್ರೋಫ್ಯಾರಡ್ (ಡಬ್ಬಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ), 50 ವೋಲ್ಟ್ ಎಂಬ ಬರಹ. ರಿಪೇರಿ ಅಂಗಡಿಯಲ್ಲಿ ಮೈಕ್ರೋಫ್ಯಾರಡ್ ಅಂತ ಯಾರೂ ಹೇಳುವುದಿಲ್ಲ. 'ಹತ್ತು ಸಾವಿರ ಎಂಎಫ್‌ಡಿ' ಅಂದರೆ ತೆಗೆದುಕೊಡುತ್ತಾರೆ. ಇವೇ ಸಪ್ಲೈಯ, ಅಂದರೆ ಆಂಪ್ಲಿಫೈಯರಿಗೆ ಕರೆಂಟ್ ಒದಗಿಸುವ ಭಾಗದ, ಫಿಲ್ಟರ್ ಕೆಪಾಸಿಟರ್‌ಗಳು. ಕರೆಂಟನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುತ್ತವೆ.

ಇವುಗಳ ಬಗ್ಗೆ ನಮ್ಮಲ್ಲಿ ಎರಡು ಪಂಗಡ. 'ದೊಡ್ಡದು ಹಾಕಿದಷ್ಟೂ ಬೇಸ್ ಜಾಸ್ತಿ' ಎನ್ನುವವರು ಒಂದು ಕಡೆ. 'ಗುಂಯ್ ಸದ್ದು ಹೋದರೆ ಮುಗೀತು, ಮಿಕ್ಕಿದ್ದೆಲ್ಲ ಭ್ರಮೆ' ಎನ್ನುವವರು ಇನ್ನೊಂದು ಕಡೆ. ನಾನು ವರ್ಷಗಟ್ಟಲೆ ಮೊದಲನೆಯ ಪಂಗಡದಲ್ಲಿದ್ದೆ. ಅದಕ್ಕೆ ತೆತ್ತ ದಂಡದ ಕಥೆ ಆಮೇಲೆ ಬರುತ್ತದೆ.

ಮೊದಲು ಬಚ್ಚಲುಮನೆಯ ಹಂಡೆ ನೆನೆಸಿಕೊಳ್ಳಿ. ಒಬ್ಬರು ಬಾವಿಯಿಂದ ನೀರು ಸೇದಿ ಕೊಡದಲ್ಲಿ ತಂದು ಹಂಡೆಗೆ ಸುರಿಯುತ್ತಿದ್ದಾರೆ. ಹಂಡೆಯ ಬುಡದಲ್ಲಿ ಒಂದು ನಲ್ಲಿ, ಅದರಿಂದ ನೀರು ಸದಾ ಹೋಗುತ್ತಿದೆ. ಕೊಡ ಬಂದಾಗ ನೀರು ಏರುತ್ತದೆ. ಮುಂದಿನ ಕೊಡ ಬರುವ ತನಕ ಇಳಿಯುತ್ತದೆ. ಹಂಡೆ ದೊಡ್ಡದಿದ್ದರೆ ಈ ಏರಿಳಿತ ಗೊತ್ತೇ ಆಗುವುದಿಲ್ಲ. ಚೊಂಬಿನಷ್ಟಿದ್ದರೆ ಪ್ರತಿ ಸಲವೂ ತಳ ಕಾಣುತ್ತದೆ.

ಆಂಪ್ಲಿಫೈಯರ್ ಒಳಗೂ ಇದೇ ಕೆಲಸ. ಮನೆಗೆ ಬರುವ 230 ವೋಲ್ಟ್ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೊಯ್ದಾಡುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸುತ್ತದೆ. ನಾಲ್ಕು ಡಯೋಡಿನ ಬ್ರಿಡ್ಜ್ ಎರಡೂ ದಿಕ್ಕಿನ ಹೊಯ್ದಾಟವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಅಲ್ಲಿಗೆ ಸೆಕೆಂಡಿಗೆ 100 ಗುಡ್ಡಗಳು, ಅಂದರೆ 10 ಮಿಲಿಸೆಕೆಂಡಿಗೆ ಒಂದು ಕೊಡ. ಇಲ್ಲಿ ಒಂದು ವಿಚಿತ್ರ ಇದೆ. ಗುಡ್ಡದ ಇಡೀ ಉದ್ದಕ್ಕೂ ಕೆಪಾಸಿಟರ್ ತುಂಬುವುದಿಲ್ಲ. ಗುಡ್ಡದ ಎತ್ತರ ಕೆಪಾಸಿಟರಿನ ಮಟ್ಟವನ್ನು ಮೀರಿದಾಗ ಮಾತ್ರ ಡಯೋಡ್ ಬಾಗಿಲು ತೆರೆಯುತ್ತದೆ. ಅದು ನೆತ್ತಿಯ ಹತ್ತಿರದ ಎರಡು ಮೂರು ಮಿಲಿಸೆಕೆಂಡ್ ಅಷ್ಟೆ. ಮಿಕ್ಕ ಏಳೆಂಟು ಮಿಲಿಸೆಕೆಂಡ್ ಆಂಪ್ಲಿಫೈಯರಿಗೆ ಗೋಡೆಯ ಪ್ಲಗ್ಗೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ. ಇರುವುದು ಆ ಎರಡು ಡಬ್ಬಿ ಮಾತ್ರ.

ಇದನ್ನು ಮನಸ್ಸಿಗೆ ಹಾಕಿಕೊಂಡರೆ ಅರ್ಧ ವಿಷಯ ಮುಗಿದಂತೆ. ನೀವು ಕೇಳುವ ಸಂಗೀತದ ಮುಕ್ಕಾಲು ಪಾಲು ಹೊತ್ತು ಸ್ಪೀಕರಿನ ಕರೆಂಟ್ ಕೆಪಾಸಿಟರಿನಿಂದಲೇ ಹೊರಟು, ಸ್ಪೀಕರ್ ಸುತ್ತಿ, ಕೆಪಾಸಿಟರಿಗೇ ವಾಪಸ್ ಬರುತ್ತದೆ. ಹಾಡಿನ ಸಣ್ಣ ಸಿಗ್ನಲ್ ಒಂದು ನಲ್ಲಿ ತಿರುಗಿಸುವ ಕೈ ಇದ್ದ ಹಾಗೆ. ನೀರು ಮಾತ್ರ ಹಂಡೆಯದ್ದು.

ಲೆಕ್ಕಕ್ಕೆ ಸುಲಭದ ಒಂದು ದಾರಿ ಇದೆ. 1,000 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ಒಂದು ಆಂಪಿಯರ್ ಕರೆಂಟನ್ನು ಒಂದು ಮಿಲಿಸೆಕೆಂಡ್ ಎಳೆದರೆ ವೋಲ್ಟೇಜ್ ಒಂದು ವೋಲ್ಟ್ ಇಳಿಯುತ್ತದೆ. ಎಲ್ಲವೂ ಒಂದೊಂದು, ಮರೆಯುವ ಹಾಗೇ ಇಲ್ಲ.

ಈಗ ನಮ್ಮ ಕಡೆ ಮನೆಯಲ್ಲಿ ಜೋಡಿಸಿಕೊಳ್ಳುವಂಥ ಒಂದು ಸೆಟ್ ತೆಗೆದುಕೊಳ್ಳೋಣ. 25-0-25 ಟ್ರಾನ್ಸ್‌ಫಾರ್ಮರ್, ಅಂದರೆ ನಡುವೆ ಒಂದು ಸೊನ್ನೆಯ ವೈರ್, ಅದರ ಆಚೀಚೆ 25 ವೋಲ್ಟ್. ಡಯೋಡ್ ದಾಟಿದ ಮೇಲೆ ಪ್ಲಸ್, ಮೈನಸ್ ಎರಡೂ ಬದಿಗೆ ಸುಮಾರು 34 ವೋಲ್ಟ್. 8 ಓಮ್ ಸ್ಪೀಕರ್. ಜೋರಾಗಿ ಹಾಡಿಸಿದಾಗ ಒಂದು ಬದಿಯಿಂದ 3.5 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ, 8 ಮಿಲಿಸೆಕೆಂಡ್ ಹೊತ್ತು. 4,700 ಮೈಕ್ರೋಫ್ಯಾರಡ್ ಇದ್ದರೆ ಮುಂದಿನ ಕೊಡ ಬರುವಷ್ಟರಲ್ಲಿ 6 ವೋಲ್ಟ್ ಇಳಿದಿರುತ್ತದೆ. 10,000 ಇದ್ದರೆ 2.8 ವೋಲ್ಟ್. 22,000 ಇದ್ದರೆ 1.3 ವೋಲ್ಟ್.

ಹಾಗಂತ ಇಳಿದ ವೋಲ್ಟೆಲ್ಲ ಸ್ಪೀಕರಿನಲ್ಲಿ ಸದ್ದಾಗಿ ಬರುತ್ತದೆಯೇ? ಇಲ್ಲ, ಸದ್ಯ. ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರ್ ಸಪ್ಲೈಯ ಏರಿಳಿತವನ್ನು ಸಾವಿರ ಪಾಲಿಗಿಂತ ಜಾಸ್ತಿ ತಗ್ಗಿಸಿಬಿಡುತ್ತದೆ. ಎರಡು ವೋಲ್ಟ್ ಏರಿಳಿತ ಎರಡು ಮಿಲಿವೋಲ್ಟ್ ಒಳಗೆ ಬಂದು ನಿಲ್ಲುತ್ತದೆ. ನಲ್ಲಿ ಜಾಣನಾಗಿದ್ದರೆ ಹಂಡೆಯ ನೀರು ಕೊಂಚ ಮೇಲೆ ಕೆಳಗೆ ಆದರೂ ಧಾರೆ ಒಂದೇ ಸಮ ಇರುತ್ತದೆ. ಆದರೆ ನೀರು ನಲ್ಲಿಯ ಮಟ್ಟಕ್ಕೇ ಇಳಿದರೆ ಜಾಣತನ ಎಂತದ್ದೂ ನಡೆಯುವುದಿಲ್ಲ. ಬುಸ್ ಅಂತ ಗಾಳಿ ಬರುತ್ತದೆ.

ಆಂಪ್ಲಿಫೈಯರಿನಲ್ಲಿ ಇದನ್ನೇ ಕ್ಲಿಪ್ಪಿಂಗ್ ಎನ್ನುವುದು. ಹಾಡಿನ ಅಲೆ 28 ವೋಲ್ಟ್ ತನಕ ಏರಬೇಕು, ಆ ಗಳಿಗೆಯಲ್ಲಿ ಸಪ್ಲೈ 28ಕ್ಕೇ ಇಳಿದಿದೆ. ಟ್ರಾನ್ಸಿಸ್ಟರಿಗೂ ಎರಡು ಮೂರು ವೋಲ್ಟ್ ಬೇಕು. ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಅದೂ ಪ್ರತಿ ಸಲ ಅಲ್ಲ. ಹಂಡೆ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಬಂದ ಅಲೆಗೆ ಮಾತ್ರ. ಹೀಗೆ ಸೆಕೆಂಡಿಗೆ 100 ಸಲ ಹೊಯ್ದಾಡುವ ಕತ್ತರಿ ಹಾಡಿನ ಮೇಲೆ ಬೀಳುತ್ತದೆ. ಕಿವಿಗೆ ಅದು ಗುಂಯ್ ಅಂತ ಕೇಳುವುದಿಲ್ಲ. 'ಜೋರು ಮಾಡಿದರೆ ದನಿ ಕಲಕಿದ ಹಾಗೆ ಆಗ್ತದೆ ಮಾರಾಯ' ಎಂದು ನಮ್ಮೂರ ಮೈಕ್‌ಸೆಟ್ಟಿನವರು ಹೇಳುತ್ತಾರಲ್ಲ, ಆ ಕಲಕುವಿಕೆ ಇದು. ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಯಕ್ಷಗಾನದ ಆಟದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಭಾಗವತರು ನಿಧಾನಕ್ಕೆ ಪದ್ಯ ಎತ್ತಿಕೊಂಡಾಗ ಎಲ್ಲ ಸರಿ. ಬಣ್ಣದ ವೇಷದ ಒಡ್ಡೋಲಗ ಶುರುವಾಗಿ ಚಂಡೆ ಏರುತ್ತಿದ್ದಂತೆ ಭಾಗವತರ ದನಿಯೂ ಮಸುಕಾಗುತ್ತದೆ. ಚಂಡೆಯ ಒಂದು ಪೆಟ್ಟು ಚೂಪು, ಬೇಗ ಮುಗಿಯುತ್ತದೆ. ಚಿಕ್ಕ ಹಂಡೆಯೂ ಒಂದು ಪೆಟ್ಟನ್ನು ತಡೆದುಕೊಳ್ಳುತ್ತದೆ. ಪೆಟ್ಟಿನ ಮೇಲೆ ಪೆಟ್ಟು ಬಿದ್ದಾಗ ತುಂಬಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಅದೇ ಹಂಡೆಯಿಂದ ಭಾಗವತರೂ ಕುಡಿಯಬೇಕಲ್ಲ. ಗಣಪತಿ ಮೆರವಣಿಗೆಯ ಬೇಸ್ ಇನ್ನೂ ಹೊಟ್ಟೆಬಾಕ. 40 ಹರ್ಟ್ಸ್ ಸದ್ದಿನ ಅರ್ಧ ಅಲೆಯೇ 12.5 ಮಿಲಿಸೆಕೆಂಡ್. ಅಂದರೆ ಒಂದು ಕೊಡದಿಂದ ಇನ್ನೊಂದು ಕೊಡದ ತನಕದ ಹೊತ್ತಿಗಿಂತಲೂ ಜಾಸ್ತಿ, ಒಂದೇ ಬದಿಯ ಕೆಪಾಸಿಟರಿನಿಂದ ಎಳೆಯುತ್ತಲೇ ಇರುತ್ತದೆ.

ಮೇಲಿನ ಸೆಟ್ಟಿನಲ್ಲಿ ಕ್ಲಿಪ್ ಆಗದೆ ಎಷ್ಟು ವ್ಯಾಟ್ ಸಿಗುತ್ತದೆ ಎಂದು ಅಂದಾಜು ಮಾಡಿದರೆ, 4,700ಕ್ಕೆ 39 ವ್ಯಾಟ್, 10,000ಕ್ಕೆ 50, 22,000ಕ್ಕೆ 55. ಮೊದಲ ಸಲ ದುಪ್ಪಟ್ಟು ಮಾಡಿದ್ದಕ್ಕೆ 11 ವ್ಯಾಟ್ ಬಂತು. ಎರಡನೆಯ ಸಲಕ್ಕೆ ಐದೇ. ಆ ಐದು ವ್ಯಾಟ್ ಕಿವಿಗೆ ಅರ್ಧ ಡೆಸಿಬೆಲ್ ಕೂಡ ಅಲ್ಲ. ಕೆಪಾಸಿಟರಿನ ಬೆಲೆ ಮಾತ್ರ ಹೀಗೆ ಇಳಿಯುವುದಿಲ್ಲ!

ಕಮ್ಮಿ ಸದ್ದಿನಲ್ಲಿ ಏನಾಗುತ್ತದೆ ಎಂದು ಕೇಳಿದರೆ, ಏನೂ ಆಗುವುದಿಲ್ಲ. ಮನೆಯಲ್ಲಿ ಮಾತಾಡುತ್ತಾ ಕೇಳುವ ಹದಕ್ಕೆ ಒಂದೆರಡು ವ್ಯಾಟ್ ಸಾಕು. 10,000 ಮತ್ತು 22,000 ಎರಡನ್ನೂ ಜೋಡಿಸಿ, ಯಾವುದು ಎಂದು ಹೇಳದೆ ನನ್ನ ತಮ್ಮನಿಗೆ ಕೇಳಿಸಿದ್ದೆ. ಅವನದ್ದು ನನಗಿಂತ ಒಳ್ಳೇ ಕಿವಿ. ಹತ್ತು ಸಲದಲ್ಲಿ ಐದು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ, ಅಲ್ವಾ.

ಹಾಗಾದರೆ 'ದೊಡ್ಡ ಕೆಪಾಸಿಟರ್, ದೊಡ್ಡ ಬೇಸ್' ಎಂಬ ನಂಬಿಕೆ ಸುಮ್ನೆ ಹುಟ್ಟಿದ್ದಾ? ಅಲ್ಲ. ಹಳೇ ಟೇಪ್ ರೆಕಾರ್ಡರ್, ರೇಡಿಯೋ, ಚಿಕ್ಕ ಆಂಪ್ಲಿಫೈಯರುಗಳಲ್ಲಿ ಸಪ್ಲೈ ಒಂದೇ ಬದಿಯದು. ಅಲ್ಲಿ ಸ್ಪೀಕರಿಗೆ ಹೋಗುವ ದಾರಿಯಲ್ಲೇ ಇನ್ನೊಂದು ದಪ್ಪ ಕೆಪಾಸಿಟರ್ ಕೂತಿರುತ್ತದೆ. ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಸ್ಪೀಕರಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದು ಚಿಕ್ಕದಾದರೆ ಬೇಸನ್ನೂ ತಡೆದುಬಿಡುತ್ತದೆ. 4 ಓಮ್ ಸ್ಪೀಕರಿಗೆ 220 ಮೈಕ್ರೋಫ್ಯಾರಡ್ ಇದ್ದರೆ ಸುಮಾರು 180 ಹರ್ಟ್ಸಿನಿಂದ ಕೆಳಗೆ ಸದ್ದು ಸೊರಗುತ್ತದೆ. ಅದನ್ನೇ 1,000 ಮಾಡಿದರೆ 40 ಹರ್ಟ್ಸ್ ತನಕ ಬೇಸ್ ಬರುತ್ತದೆ. ಯಾರಿಗೆ ಬೇಕಾದರೂ ಗೊತ್ತಾಗುವ ಬದಲಾವಣೆ ಅದು. ಅದನ್ನು ಕೇಳಿದವರು ಸಪ್ಲೈ ಕೆಪಾಸಿಟರಿಗೂ ಅದೇ ಮಹಿಮೆ ಹಚ್ಚಿದರು. ಡಬ್ಬಿ ನೋಡಲು ಒಂದೇ ಥರ. ಕೂತ ಜಾಗ ಬೇರೆ.

ಈಗ ಗುಂಯ್ ಸದ್ದಿಗೆ ಬರುತ್ತೇನೆ. ಕೆಪಾಸಿಟರ್ ಸೊರಗಿದಾಗ ಬರುವ ಹಮ್ 100 ಹರ್ಟ್ಸಿನದು. ಹಾರ್ಮೋನಿಯಂ ಲೆಕ್ಕದಲ್ಲಿ ಇದು ಬಿಳಿ ಐದರ ಮಂದ್ರದ ಹತ್ತಿರ ಬರುತ್ತದೆ, ಆದರೆ ಅದಕ್ಕಿಂತ ಒಂಚೂರು ಮೇಲೆ. ಬಿಳಿ ಐದು ಶ್ರುತಿಯ ಹಾಡು ಹಾಕಿದರೆ ಹಮ್ಮು ತಾನೂ ಶ್ರುತಿ ಹಿಡಿದ ಹಾಗೆ ನಟಿಸಿ, ಸ್ವಲ್ಪ ತಪ್ಪಿ, ತಲೆ ತಿನ್ನುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಇದು ಹೋಗದಿದ್ದರೆ ಸಪ್ಲೈ ಕಡೆ ಅನುಮಾನ ಪಡಬಹುದು. ವಾಲ್ಯೂಮ್ ಜೊತೆ ಏರಿಳಿದರೆ, ಅಥವಾ ಇನ್‌ಪುಟ್ ವೈರ್ ಮುಟ್ಟಿದಾಗ ಬದಲಾದರೆ, ತೊಂದರೆ ಬೇರೆ ಕಡೆ. ಅದು ಹೆಚ್ಚಾಗಿ 50 ಹರ್ಟ್ಸಿನದು, ಒಂದು ಸ್ಥಾಯಿ ಕೆಳಗೆ. ಅದಕ್ಕೆ ಎಷ್ಟು ಕೆಪಾಸಿಟರ್ ಸುರಿದರೂ ಗುಣ ಸಿಗುವುದಿಲ್ಲ.

ನನ್ನ ದಂಡದ ಕಥೆ ಇಲ್ಲೇ ಶುರುವಾಗುವುದು. ನನ್ನ ಸೆಟ್ಟಿನ ಹಮ್ಮು ಕಳೆಯಲು ಸಾಗರದಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ 22,000 ಮೈಕ್ರೋಫ್ಯಾರಡಿನ ನಾಲ್ಕು ಡಬ್ಬಿ ತಂದೆ. ಬದಿಗೆ ಎರಡರಂತೆ, ಮೊದಲಿದ್ದ 10,000 ತೆಗೆದು 44,000 ಹಾಕಿದೆ. ಸ್ವಿಚ್ ಒತ್ತಿದೆ. ಟಪ್. ಫ್ಯೂಸ್ ಹೋಯಿತು. ಇನ್ನೊಂದು ಫ್ಯೂಸ್ ಹಾಕಿದೆ, ಅದೂ ಹೋಯಿತು. ಖಾಲಿ ಕೆಪಾಸಿಟರ್ ಮೊದಲ ಗಳಿಗೆಯಲ್ಲಿ ಶಾರ್ಟ್ ಸರ್ಕ್ಯೂಟಿಗೆ ಸಮ. ಬರಿದು ಹಂಡೆ ತುಂಬುವ ಅವಸರಕ್ಕೆ ಟ್ರಾನ್ಸ್‌ಫಾರ್ಮರ್ ಸಿಕ್ಕಿದಷ್ಟು ಕರೆಂಟ್ ಎಳೆಯುತ್ತದೆ. ಅದಕ್ಕೆ ಸ್ವಿಚ್ ಹಾಕಿದ ಒಂದೆರಡು ಸೆಕೆಂಡ್ ಕರೆಂಟನ್ನು ಹಿಡಿದು ಬಿಡುವ ಥರ್ಮಿಸ್ಟರ್ ಬೇಕು. ತಂದು ಹಾಕಿದೆ.

ಫ್ಯೂಸ್ ಉಳಿಯಿತು. ಆದರೆ ಹಮ್ಮು ಮೊದಲಿಗಿಂತ ಜಾಸ್ತಿ! ಅದೂ ಮೃದುವಾದ ಗುಂಯ್ ಅಲ್ಲ, ಝಿರ್ರ್ ಎನ್ನುವ ಚೂಪಾದ ಸದ್ದು. ನಾಲ್ಕು ಪಾಲು ಕೆಪಾಸಿಟರ್ ಹಾಕಿದರೆ ಹಮ್ಮು ಜಾಸ್ತಿ ಆಗುವುದು ಎಂತ ನ್ಯಾಯ?

ಕಾರಣ ಆ ಕೊಡದಲ್ಲಿತ್ತು. ಹಂಡೆ ದೊಡ್ಡದಾದಷ್ಟೂ ನೀರಿನ ಮಟ್ಟ ಕಮ್ಮಿ ಇಳಿಯುತ್ತದೆ. ಮಟ್ಟ ಇಳಿಯದಿದ್ದರೆ ಡಯೋಡಿನ ಬಾಗಿಲು ಇನ್ನೂ ಕಮ್ಮಿ ಹೊತ್ತು ತೆರೆದಿರುತ್ತದೆ. ಖರ್ಚಾದ ನೀರು ಮಾತ್ರ ಅಷ್ಟೇ, ಅಷ್ಟೂ ಆ ಚಿಕ್ಕ ಹೊತ್ತಿನಲ್ಲೇ ಒಳಗೆ ಬರಬೇಕು. ಹಾಗಾಗಿ ಕರೆಂಟಿನ ಬಡಿತ ಚೂಪಾಗುತ್ತದೆ, ಸರಾಸರಿಗಿಂತ ಎಷ್ಟೋ ಪಾಲು ಎತ್ತರಕ್ಕೆ ಏರುತ್ತದೆ. ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗುತ್ತದೆ. ನಾನು ಮಾಡಿದ್ದ ಇನ್ನೊಂದು ತಪ್ಪು ಇದರ ಜೊತೆ ಸೇರಿಕೊಂಡಿತ್ತು. ಟ್ರಾನ್ಸ್‌ಫಾರ್ಮರಿನ ನಡುವಿನ ವೈರ್ ಮತ್ತು ಕೆಪಾಸಿಟರ್‌ಗಳ ನಡುವಿನ ಗ್ರೌಂಡ್ (ಕರೆಂಟ್ ವಾಪಸ್ ಬರುವ ಸೊನ್ನೆ ವೋಲ್ಟಿನ ಜಾಗ) ಸೇರುವ ದಾರಿಯಲ್ಲೇ, ಕೈಗೆ ಸಿಕ್ಕಿದ ಕಡೆ, ಇನ್‌ಪುಟ್ ಗ್ರೌಂಡನ್ನು ಬೆಸುಗೆ ಹಾಕಿದ್ದೆ. ಆ ವೈರಿನಲ್ಲಿ ಸೆಕೆಂಡಿಗೆ 100 ಸಲ ಹತ್ತಾರು ಆಂಪಿಯರ್ ಬಡಿತ ಹರಿಯುತ್ತದೆ. ವೈರ್ ಎಷ್ಟೇ ದಪ್ಪ ಇರಲಿ, ಅಷ್ಟು ಕರೆಂಟಿಗೆ ಅದರ ಎರಡು ತುದಿಯ ನಡುವೆ ಕೆಲವು ಮಿಲಿವೋಲ್ಟ್ ಹುಟ್ಟಿಯೇ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೂ ಹಾಡು ಎಂದುಕೊಂಡು ಇಪ್ಪತ್ತು ಮೂವತ್ತು ಪಾಲು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ.

ಸರಿ ಮಾಡಿದ್ದು ಹತ್ತು ನಿಮಿಷದ ಕೆಲಸ. ಟ್ರಾನ್ಸ್‌ಫಾರ್ಮರಿನ ವೈರ್ ಮೊದಲು ಎರಡು ಕೆಪಾಸಿಟರಿನ ನಡುವಿನ ಜಾಗಕ್ಕೆ ಬಂದು ಮುಗಿಯಬೇಕು. ಅಲ್ಲಿಂದ ಒಂದು ಗಿಡ್ಡ ದಪ್ಪ ವೈರ್ ತೆಗೆದು ಬೇರೆಯೇ ಒಂದು ಬಿಂದು ಮಾಡಿಕೊಂಡು, ಸ್ಪೀಕರ್, ಬೋರ್ಡ್, ಇನ್‌ಪುಟ್ ಎಲ್ಲದರ ಗ್ರೌಂಡನ್ನೂ ಬೇರೆ ಬೇರೆ ವೈರಿನಲ್ಲಿ ಅಲ್ಲಿಗೇ ತರಬೇಕು. ಕೊಡ ಸುರಿಯುವ ಗಲಾಟೆ ಹಂಡೆಯ ಆಚೆ ಕಡೆ, ನಲ್ಲಿ ಈಚೆ ಕಡೆ. ಹಮ್ಮು ಮಾಯ. ಆಮೇಲೆ 44,000 ತೆಗೆದು ಹಳೇ 10,000 ಹಾಕಿ ನೋಡಿದೆ. ಆಗಲೂ ಹಮ್ಮು ಇರಲಿಲ್ಲ. ಅಂದರೆ ನನ್ನ ತೊಂದರೆ ಮೊದಲಿನಿಂದಲೂ ಕೆಪಾಸಿಟರಿನದ್ದೇ ಅಲ್ಲ. ಆ ನಾಲ್ಕು ಡಬ್ಬಿ ಇನ್ನೂ ಅಟ್ಟದ ಮೇಲೆ ಬಿದ್ದಿವೆ.

ದೊಡ್ಡ ಕೆಪಾಸಿಟರಿನ ಜೊತೆಗೆ 0.1 ಮೈಕ್ರೋಫ್ಯಾರಡಿನ ಚಿಕ್ಕ ಫಿಲ್ಮ್ ಕೆಪಾಸಿಟರ್ ಹಾಕುವ ರೂಢಿ ಇದೆ. ಅದು ಬೇಕು, ಆದರೆ ಡಬ್ಬಿಯ ಕಾಲಿಗೆ ಅಲ್ಲ. ಸದ್ದನ್ನು ದೊಡ್ಡದು ಮಾಡುವ ಚಿಪ್ಪಿನ, ಅಂದರೆ ಐಸಿಯ, ಕಾಲಿನ ಪಕ್ಕದಲ್ಲೇ ಬೇಕು. ಸಪ್ಲೈಯಿಂದ ಬೋರ್ಡಿಗೆ ಉದ್ದ ವೈರ್ ಇದ್ದರೆ ಐಸಿ ನಮ್ಮ ಕಿವಿಗೆ ಕೇಳದಷ್ಟು ಮೇಲಿನ ಆವರ್ತನದಲ್ಲಿ ತಾನೇ ಕಿರುಚಲು ಶುರುಮಾಡಬಹುದು. ಅದನ್ನು ತಡೆಯುವ ಕಾವಲುಗಾರ ಈ ಚಿಕ್ಕದು. ಇದರಿಂದ ಸ್ವರ 'ಸಿಹಿ' ಆಗುತ್ತದೆ ಎನ್ನುವ ಮಾತನ್ನು ನಾನು ನಂಬುವುದಿಲ್ಲ.

ನಮ್ಮ ಕಡೆಯವರಿಗೆ ಬೇರೆಯದೇ ಒಂದು ತಲೆನೋವು ಇದೆ, ಲೋ ವೋಲ್ಟೇಜ್. ಜೋಗದಲ್ಲಿ ಕರೆಂಟ್ ಮಾಡಲು ಶುರುಮಾಡಿ ಮುಕ್ಕಾಲು ಶತಮಾನ ಆಯಿತು. ಶರಾವತಿಯ ಕೇಂದ್ರವೊಂದೇ 1,035 ಮೆಗಾವ್ಯಾಟಿನದು. ಆದರೂ ಲೈನಿನ ತುದಿಯ ಒಂಟಿಮನೆಯಲ್ಲಿ, ಸುತ್ತಲಿನ ತೋಟದ ಪಂಪುಗಳೆಲ್ಲ ಓಡುವಾಗ, ಮೀಟರ್ ಇಟ್ಟರೆ 180 ವೋಲ್ಟ್ ಕಾಣುವುದು ಹೊಸದೇನಲ್ಲ. ಆಗ ನಮ್ಮ 34 ವೋಲ್ಟ್ 26ರ ಹತ್ತಿರ ಬಂದಿರುತ್ತದೆ. 50 ವ್ಯಾಟ್ ಕೊಡಬಲ್ಲ ಸೆಟ್ 30ರ ಹತ್ತಿರಕ್ಕೆ ಇಳಿಯುತ್ತದೆ. ಇದಕ್ಕೆ ಕೆಪಾಸಿಟರ್ ಮದ್ದಲ್ಲ. ಕೊಡವೇ ಅರ್ಧಂಬರ್ಧ ತುಂಬಿ ಬರುತ್ತಿರುವಾಗ ಹಂಡೆ ದೊಡ್ಡದು ಮಾಡಿ ಪ್ರಯೋಜನ ಇಲ್ಲ. ಕೆಪಾಸಿಟರ್ ಸಂಭಾಳಿಸುವುದು ಮಿಲಿಸೆಕೆಂಡುಗಳ ಕೊರತೆಯನ್ನು ಮಾತ್ರ, ಗಂಟೆಗಳ ಕೊರತೆಯನ್ನಲ್ಲ. ಸ್ಟೆಬಿಲೈಸರ್ ಹಾಕಬಹುದು, ಅಥವಾ ದುಡ್ಡಿದ್ದರೆ ಒಂದು ಮಟ್ಟ ದೊಡ್ಡ ಟ್ರಾನ್ಸ್‌ಫಾರ್ಮರ್. ಕೆಪಾಸಿಟರ್ ಎಷ್ಟು ಸಾಕು ಎಂದರೆ, 8 ಓಮಿನ ಎರಡು ಸ್ಪೀಕರಿನ ಮನೆ ಸೆಟ್ಟಿಗೆ ಬದಿಗೆ 10,000, 4 ಓಮ್ ಆದರೆ ಅದರ ದುಪ್ಪಟ್ಟು. ಅಷ್ಟಾದ ಮೇಲೆ ಕೈಯಲ್ಲಿ ಉಳಿದ ದುಡ್ಡನ್ನು ನಾನು ಟ್ರಾನ್ಸ್‌ಫಾರ್ಮರಿಗೇ ಹಾಕುತ್ತೇನೆ.

ಈಗಿನ ಎಸ್‌ಎಂಪಿಎಸ್ (ಕರೆಂಟನ್ನು ಅತಿ ವೇಗವಾಗಿ ಹಾಕಿ ಆರಿಸಿ ವೋಲ್ಟೇಜ್ ತಗ್ಗಿಸುವ) ಸಪ್ಲೈಗಳ ಹಂಡೆ ಚಿಕ್ಕದಿರುವುದನ್ನು ಕಂಡು 'ಇದರಲ್ಲಿ ಎಂತ ಬೇಸ್ ಬರ್ತದೆ' ಎಂದು ಮೂಗು ಮುರಿಯಬೇಡಿ. ಅಲ್ಲಿ ಕೊಡ ಬರುವುದು ಸೆಕೆಂಡಿಗೆ 100 ಸಲ ಅಲ್ಲ, ಲಕ್ಷದ ಆಸುಪಾಸು.

ಇನ್ನು ವಯಸ್ಸಿನ ವಿಚಾರ. ಈ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳ ಸುರುಳಿ, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ ಇರುತ್ತದೆ. ಬಿಸಿಗೆ ಆ ದ್ರಾವಣ ಒಣಗುತ್ತಾ ಬರುತ್ತದೆ. ಹಿಡಿದಿಡುವ ಶಕ್ತಿ ಇಳಿಯುತ್ತದೆ, ಒಳಗಿನ ಪ್ರತಿರೋಧ ಏರುತ್ತದೆ. ಹಂಡೆ ಚಿಕ್ಕದಾಗುವುದರ ಜೊತೆ ನಲ್ಲಿಯ ಬಾಯಿಯೂ ಕಟ್ಟಿದ ಹಾಗೆ. ಬಿಸಿ ಪ್ರತಿ 10 ಡಿಗ್ರಿ ಕಮ್ಮಿಯಾದರೆ ಆಯಸ್ಸು ದುಪ್ಪಟ್ಟು ಎನ್ನುವುದು ಎಲ್ಲರೂ ಬಳಸುವ ಅಂದಾಜು. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ಬರೆದ ಡಬ್ಬಿ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆ ಹಾಡಿದರೆ ಇಪ್ಪತ್ತು ವರ್ಷದ ಮೇಲಾಯಿತು. ಹೀಟ್‌ಸಿಂಕಿಗೆ ಅಂಟಿಸಿ ಇಟ್ಟರೆ ಈ ಲೆಕ್ಕ ಬಿಟ್ಟುಬಿಡಿ.

ಮೂಲೆಯಲ್ಲಿ ಕಟ್ಟಿಟ್ಟ ಮೈಕ್‌ಸೆಟ್ಟಿಗೆ ಇನ್ನೊಂದು ಕಂಟಕ. ವರ್ಷಗಟ್ಟಲೆ ಕರೆಂಟ್ ಕಾಣದೆ ಕೂತ ಕೆಪಾಸಿಟರಿನ ಒಳಗಿನ ತೆಳು ಆಕ್ಸೈಡ್ ಪದರ ದುರ್ಬಲವಾಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕರೆಂಟ್ ಸೋರಿ, ಬಿಸಿಯಾಗಿ, ತಲೆ ಉಬ್ಬಬಹುದು. ರಿಪೇರಿಯವರು ಸೀರಿಸ್ ಬಲ್ಬ್ ಹಾಕಿ, ಅಂದರೆ ಕರೆಂಟ್ ಒಂದು ಬಲ್ಬನ್ನು ದಾಟಿಯೇ ಸೆಟ್ಟಿಗೆ ಹೋಗುವಂತೆ ಮಾಡಿ, ಸ್ವಲ್ಪ ಹೊತ್ತು ಬಿಡುವುದು ಇದಕ್ಕೂ ಒಳ್ಳೆಯದು. ಪದರ ಮತ್ತೆ ಕಟ್ಟಿಕೊಳ್ಳುತ್ತದೆ.

ಬದಲಾಯಿಸುವ ಮುಂಚೆ ಡಬ್ಬಿ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಡಬೇಡಿ, ತುದಿ ಕರಗುತ್ತದೆ, ಕಿಡಿ ಕಣ್ಣಿಗೆ ಹಾರುತ್ತದೆ. 100 ಓಮ್, 10 ವ್ಯಾಟಿನ ರೆಸಿಸ್ಟರನ್ನು ಹತ್ತು ಸೆಕೆಂಡ್ ಎರಡು ಕಾಲಿಗೂ ಹಿಡಿದು, ಮೀಟರಿನಲ್ಲಿ ನೋಡಿ. ಎಸ್‌ಎಂಪಿಎಸ್ ಆದರೆ ಒಳಗಿನ ಮೊದಲ ಡಬ್ಬಿಯಲ್ಲಿ 325 ವೋಲ್ಟ್ ಇರುತ್ತದೆ. ಅದು ಜೀವ ತೆಗೆಯುವ ವೋಲ್ಟೇಜ್, ಗೊತ್ತಿಲ್ಲದವರು ಕೈ ಹಾಕಬಾರದು. ಹೊಸದನ್ನು ಹಾಕುವಾಗ ಪ್ಲಸ್ ಮೈನಸ್ ಎರಡೆರಡು ಸಲ ನೋಡಿಕೊಳ್ಳಿ. ಉಲ್ಟಾ ಆದರೆ ಪಟಾಕಿ. ವೋಲ್ಟ್ ಮೊದಲಿದ್ದಷ್ಟೋ ಜಾಸ್ತಿಯೋ ಇರಲಿ. 34 ವೋಲ್ಟಿನ ಸಪ್ಲೈಗೆ 35 ವೋಲ್ಟಿನ ಡಬ್ಬಿ ಸಾಲದು, ರಾತ್ರಿ ಹೊತ್ತು ಲೈನ್ ವೋಲ್ಟೇಜ್ ಏರಿದಾಗ ಅದು 38 ದಾಟುತ್ತದೆ. 50 ವೋಲ್ಟಿನದೇ ಬೇಕು.

ಅಂಗಡಿಗೆ ಹೋಗುವಾಗ ಹಳೇ ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ. ಕಾಲುಗಳ ನಡುವಿನ ಅಂತರ 10 ಮಿಲಿಮೀಟರ್ ಇರುವುದೂ ಉಂಟು, 7.5 ಇರುವುದೂ ಉಂಟು, ಮನೆಗೆ ಬಂದ ಮೇಲೆ ಬೋರ್ಡಿಗೆ ಕೂರುವುದಿಲ್ಲ. ಇನ್ನೊಂದು ಉಪಯೋಗವೂ ಇದೆ, ತೂಕ ನೋಡಬಹುದು. ಡಬ್ಬಿ ದೊಡ್ಡದು, ಒಳಗಿನ ಸುರುಳಿ ಚಿಕ್ಕದು ಎಂಬಂಥ ನಕಲಿ ಮಾಲು ಬರುತ್ತದೆ. 10,000 ಎಂದು ಬರೆದದ್ದನ್ನು ತಂದು ಅಳೆದಾಗ ನನಗೊಮ್ಮೆ 6,000 ಚಿಲ್ಲರೆ ಸಿಕ್ಕಿತ್ತು. ಶೇಕಡ 20ರಷ್ಟು ಹೆಚ್ಚು ಕಮ್ಮಿ ಇರುವುದು ಸಹಜ. ಅದಕ್ಕಿಂತ ಕೆಳಗೆ ಹೋದರೆ ವಾಪಸ್ ಕೊಡಿ.